ಕೆಂಪು ಕ್ರೀಮ್ ಗುಲಾಬಿಯಲ್ಲೇ ನಿಲ್ಲುತ್ತಿದೆ, ರಾಜ್ಯೋತ್ಸವದ ಕೇಕಿಗೆ ಏನು ಮಾಡಲಿ?

ಬೆಣ್ಣೆಬಟ್ಟಲು
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ, ಎರಡು ವರ್ಷವಾಯಿತು. ನವೆಂಬರ್ 1ಕ್ಕೆ ನಮ್ಮ ಬಡಾವಣೆಯವರು 4 ಕೆಜಿ ಮೊಟ್ಟೆ ಇಲ್ಲದ ಕೇಕ್ ಹೇಳಿದ್ದಾರೆ. ಮೇಲರ್ಧ ಹಳದಿ, ಕೆಳಗರ್ಧ ಕೆಂಪು, ನಡುವೆ ಕಪ್ಪು ಅಕ್ಷರದಲ್ಲಿ "ಸಿರಿಗನ್ನಡಂ ಗೆಲ್ಗೆ" ಅಂತ ಬರೆಯಬೇಕು.

ಹಳದಿ ಸುಲಭವಾಗಿ ಬಂತು. ಕೆಂಪು ಬರುತ್ತಲೇ ಇಲ್ಲ. ನಿನ್ನೆ ಅರ್ಧ ಕೆಜಿ ವಿಪ್ಪಿಂಗ್ ಕ್ರೀಮ್ ತಗೊಂಡು ಪ್ರಯತ್ನಿಸಿದೆ. ಸ್ವಲ್ಪ ಹಾಕಿದರೆ ತಿಳಿ ಗುಲಾಬಿ, ಇನ್ನೂ ಹಾಕಿದರೆ ಕಡು ಗುಲಾಬಿ. ಕೊನೆಗೆ ಒಂದು ಬಾಟಲಿ ಪೂರ್ತಿ ಸುರಿದೆ. ಆಗಲೂ ಕುಂಕುಮದ ಕೆಂಪು ಬರಲಿಲ್ಲ, ಕ್ರೀಮ್ ನೀರಾಯಿತು, ಬಾಯಿಗೆ ಹಾಕಿದರೆ ಕಹಿ. ಪೂರ್ತಿ ಚೆಲ್ಲಬೇಕಾಯಿತು.

ಕಪ್ಪನ್ನಂತೂ ಇನ್ನೂ ಮುಟ್ಟಿಲ್ಲ. ಇನ್ನು ಒಂಬತ್ತು ದಿನ ಇದೆ. ತಿನ್ನುವವರಲ್ಲಿ ಮಕ್ಕಳೇ ಜಾಸ್ತಿ. ಗಾಢ ಬಣ್ಣ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ತುಪ್ಪದದೋಸೆ
ಬಾಟಲಿಯಲ್ಲಿದ್ದದ್ದು ಯಾವ ಬಣ್ಣ? ನೀರಿನ ಹಾಗಿರುವುದೋ, ಜೆಲ್ಲೋ?

ಬೆಣ್ಣೆಬಟ್ಟಲು
ನೀರಿನ ಹಾಗಿರುವುದು. ಕಿರಾಣಿ ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿ.

ತುಪ್ಪದದೋಸೆ
ಅದೇ ತಪ್ಪಾಗಿದ್ದು. ಅದು ಕೇಸರಿಬಾತಿಗೆ ನಾಲ್ಕು ಹನಿ ಹಾಕಲು ಸರಿ. ಅದರಲ್ಲಿ ಬಣ್ಣಕ್ಕಿಂತ ನೀರೇ ಜಾಸ್ತಿ. ಕೇಕ್ ಸಾಮಾನಿನ ಅಂಗಡಿಗೆ ಹೋಗಿ ಜೆಲ್ ಕಲರ್ ತನ್ನಿ, ಹೆಸರಲ್ಲಿ "ಸೂಪರ್ ರೆಡ್" ಅಂತ ಇರುವುದು. ಟೂತ್‌ಪಿಕ್‌ನಲ್ಲಿ ಅದ್ದಿ ಹಾಕಿದರೂ ಎದ್ದು ಕಾಣುತ್ತದೆ.

ಕಡಲತಡಿ
ಜೆಲ್ ತಂದರೂ ವಿಪ್ಪಿಂಗ್ ಕ್ರೀಮಿನಲ್ಲಿ ಕುಂಕುಮದ ಕೆಂಪು ಕಷ್ಟ. ಮಂಗಳೂರಿನಲ್ಲಿ ಎಂಟು ವರ್ಷದಿಂದ ಕೇಕ್ ಮಾಡುತ್ತಿದ್ದೇನೆ, ಅನುಭವದಿಂದ ಹೇಳುತ್ತಿದ್ದೇನೆ. ಕ್ರೀಮ್ ಅಂದರೆ ಅರ್ಧ ಗಾಳಿ. ಗಾಳಿ ತುಂಬಿದಷ್ಟೂ ಬಿಳಿ, ಬಿಳಿ ಇದ್ದಷ್ಟೂ ಬಣ್ಣ ತೆಳು. ಗಾಢ ಬಣ್ಣ ಬೇಕಾದರೆ ಬಟರ್‌ಕ್ರೀಮ್ ಮಾಡಿ. ಬೆಣ್ಣೆ, ಐಸಿಂಗ್ ಶುಗರ್, ಅಷ್ಟೇ. ಮೊಟ್ಟೆ ಬೇಡ.

ರಂಗೋಲಿಕೈ
ಒಪ್ಪುವುದಿಲ್ಲ ಕಡಲತಡಿಯವರೇ. ವಿಪ್ಪಿಂಗ್ ಕ್ರೀಮಿನಲ್ಲೂ ಬರುತ್ತದೆ, ಬಣ್ಣ ಹಾಕುವ ಹೊತ್ತು ಗೊತ್ತಿರಬೇಕು. ಎಲ್ಲರೂ ಗಟ್ಟಿಯಾಗುವ ತನಕ ಬೀಟ್ ಮಾಡಿ ಆಮೇಲೆ ಬಣ್ಣ ಹಾಕುತ್ತಾರೆ. ಬಣ್ಣ ಕಲಸುವಾಗ ಮತ್ತೆ ಬೀಟ್ ಆಗುತ್ತದೆ, ಕ್ರೀಮ್ ತರಿತರಿಯಾಗಿ ಒಡೆದ ಮೊಸರಿನ ಹಾಗೆ ಆಗುತ್ತದೆ. ತುದಿ ಬಾಗುವಷ್ಟು ಮೆತ್ತಗಿರುವಾಗಲೇ ನಿಲ್ಲಿಸಿ, ಜೆಲ್ ಹಾಕಿ, ಸ್ಪ್ಯಾಚುಲಾದಲ್ಲಿ ಕಲಸಿ. ಕಲಸುತ್ತಾ ಕಲಸುತ್ತಾ ತಾನೇ ಗಟ್ಟಿಯಾಗುತ್ತದೆ. ತರಿತರಿ ಆಗಿಬಿಟ್ಟರೆ ಬೀಟ್ ಮಾಡದ ಕ್ರೀಮ್ ಎರಡು ಚಮಚ ಹಾಕಿ ಮೆಲ್ಲಗೆ ಮಡಚಿ, ಸರಿಹೋಗುತ್ತದೆ.

ಕಡಲತಡಿ
ಬರುತ್ತದೆ, ಆದರೆ ಎಷ್ಟು ಜೆಲ್ ಹಾಕಿ? ಕಹಿ ಬರಲ್ವಾ? ಅವರ ತೊಂದರೆಯೇ ಅದು.

ರಂಗೋಲಿಕೈ
ಆ ಮಾತು ನಿಜ. ಕೆಂಪಿಗೂ ಕಪ್ಪಿಗೂ ಜಾಸ್ತಿಯೇ ಬೇಕಾಗುತ್ತದೆ.

ಅಪ್ಪನಅಡುಗೆ
ಇಷ್ಟೆಲ್ಲಾ ಯಾಕೆ? ಬೀಟ್‌ರೂಟ್ ರಸ ಹಾಕಿ. ಮಕ್ಕಳಿಗೂ ಒಳ್ಳೆಯದು.

ಕಡಲತಡಿ
ಹಾಕಿ ನೋಡಿದ್ದೀರಾ ಸರ್? ಅದು ಚಂದದ ಗುಲಾಬಿ ಕೊಡುತ್ತದೆ, ಕೆಂಪು ಕೊಡುವುದಿಲ್ಲ. ರಸ ಹಾಕಿದರೆ ಮತ್ತೆ ನೀರು. ಪುಡಿ ಹಾಕಿದರೆ ಮಣ್ಣಿನ ವಾಸನೆ. ಬಿಸಿಲಿಗೆ ಇಟ್ಟರೆ ಮಂಕಾಗುತ್ತದೆ. ಅವರಿಗೆ ಬೇಕಿರುವುದು ಬಾವುಟದ ಕೆಂಪು.

ಲ್ಯಾಬ್‌ಕೋಟು
ಆಹಾರ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಬಣ್ಣ ಯಾಕೆ ಏರುವುದಿಲ್ಲ ಅಂತ ಗೊತ್ತಾದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಣ್ಣೆಯಲ್ಲಿ ಕಡಿಮೆ ಅಂದರೂ ನೂರಕ್ಕೆ 80 ಪಾಲು ಕೊಬ್ಬು. ನೀರಿನ ಪಾಲು ಬಹಳ ಕಡಿಮೆ. ನಾವು ತರುವ ಜೆಲ್ ಬಣ್ಣ ಕರಗುವುದು ನೀರಿನಲ್ಲಿ, ಕೊಬ್ಬಿನಲ್ಲಲ್ಲ. ಅಂದರೆ ಬಟ್ಟಲಲ್ಲಿ ಇಷ್ಟು ಬೆಣ್ಣೆ ಇದ್ದರೂ ಬಣ್ಣಕ್ಕೆ ಕೂರಲು ಜಾಗ ಇಷ್ಟೇ ಇಷ್ಟು. ಅದಕ್ಕೇ ಹಾಕಿದ ಕೂಡಲೇ ತೆಳುವಾಗಿ, ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಕೆಲವು ಗಂಟೆ ಬಿಟ್ಟರೆ ಬಣ್ಣದ ಕಣಗಳು ನಿಧಾನವಾಗಿ ಕರಗಿ ಹರಡುತ್ತವೆ. ರಾತ್ರಿ ಮುಚ್ಚಿಟ್ಟು ಬೆಳಗ್ಗೆ ನೋಡಿದರೆ ಎರಡು ಛಾಯೆ ಏರಿರುತ್ತದೆ, ಒಂದು ಹನಿ ಹೆಚ್ಚಿಗೆ ಹಾಕದೆ. ಹಾಕಿದ ಐದು ನಿಮಿಷಕ್ಕೇ "ಸಾಲದು" ಅಂತ ಇನ್ನೂ ಸುರಿಯುವುದರಿಂದಲೇ ಕಹಿಯಾಗುವುದು.

ಕಾಯಲು ಹೊತ್ತಿಲ್ಲದಿದ್ದರೆ ಬಣ್ಣ ಹಾಕಿದ ಬಟರ್‌ಕ್ರೀಮಿನಲ್ಲಿ ಕಾಲು ಭಾಗ ತೆಗೆದು ಮೈಕ್ರೋವೇವಿನಲ್ಲಿ 10–15 ಸೆಕೆಂಡು ಇಡಿ. ಕರಗಿ ಒಮ್ಮೆಗೇ ಕಡುಬಣ್ಣಕ್ಕೆ ತಿರುಗುತ್ತದೆ. ಅದನ್ನು ಉಳಿದದ್ದಕ್ಕೆ ಸುರಿದು ಬೀಟ್ ಮಾಡಿ. ವಿಪ್ಪಿಂಗ್ ಕ್ರೀಮಿಗೆ ಮಾತ್ರ ಇದನ್ನು ಮಾಡಬೇಡಿ, ಪೂರ್ತಿ ಕುಸಿದುಬೀಳುತ್ತದೆ.

ಹೊಸಬಳು
ಎಣ್ಣೆ ಆಧಾರದ ಬಣ್ಣ ಅಂತ ಬಂದಿದೆ ಅಲ್ವಾ? ಅದು ಬೆಣ್ಣೆಗೆ ಹೊಂದುತ್ತದಾ?

ಮೆಲ್ಬರ್ನ್‌ಕನ್ನಡತಿ
ಹೊಂದುತ್ತದೆ. ಇಲ್ಲಿ ನಾವೆಲ್ಲ ಕಲರ್ ಮಿಲ್ ಬಳಸುತ್ತೇವೆ, ಆಸ್ಟ್ರೇಲಿಯಾದ್ದೇ ಕಂಪನಿ. ಎಣ್ಣೆಯದ್ದಾದ್ದರಿಂದ ಕೊಬ್ಬಿನ ಜೊತೆ ಸೇರುತ್ತದೆ. ಚಾಕೊಲೇಟಿಗೂ ಹಾಕಬಹುದು. ಮಾಮೂಲಿ ಜೆಲ್ ಚಾಕೊಲೇಟಿಗೆ ಹಾಕಿದರೆ ಗಟ್ಟಿ ಮುದ್ದೆಯಾಗುತ್ತದೆ. ಭಾರತದಲ್ಲೂ ಈಗ ಹಲವು ಕಂಪನಿಗಳ ಎಣ್ಣೆ ಬಣ್ಣ ಸಿಗುತ್ತವೆ. ಬೆಲೆ ಮಾತ್ರ ಜಾಸ್ತಿ.

ಹೋದ ವರ್ಷ ಇಲ್ಲಿನ ಕನ್ನಡದವರ ರಾಜ್ಯೋತ್ಸವಕ್ಕೆ ನಾನೂ ಇದೇ ಕೇಕ್ ಮಾಡಿದ್ದೆ. ಒಂದು ವಿಷಯ ಹೇಳಲೇಬೇಕು. ಕೆಂಪನ್ನು ಬಿಳಿಯಿಂದ ಶುರು ಮಾಡಬೇಡಿ. ಮೊದಲು ಹಳದಿ, ಆಮೇಲೆ ಕಿತ್ತಳೆ, ಅದರ ಮೇಲೆ ಕೆಂಪು. ಬಿಳಿಗೆ ಕೆಂಪು ಸೇರಿದರೆ ಗುಲಾಬಿಯೇ ಆಗುವುದು. ಕಿತ್ತಳೆಗೆ ಸೇರಿದರೆ ಕುಂಕುಮ. ಕೊನೆಯಲ್ಲಿ ಟೂತ್‌ಪಿಕ್ ತುದಿಯಷ್ಟು ಬ್ರೌನ್.

ತುಪ್ಪದದೋಸೆ
ಹಾಗಾದರೆ ನಮ್ಮ ಹಳದಿ ಬೆಣ್ಣೆ ಇಲ್ಲಿ ಉಪಕಾರಕ್ಕೆ ಬಂತು. ನೀಲಿ ಮಾಡುವಾಗ ಅದೇ ಶತ್ರು, ನೀಲಿ ಹೋಗಿ ಹಸಿರು ಬರುತ್ತದೆ. ಆಗ ಚಿಟಿಕೆ ನೇರಳೆ ಹಾಕಿ ಹಳದಿ ಮುರಿಯಬೇಕು. ಕೆಂಪಿಗೆ ಹಾಗೇ ಬಿಡಬಹುದು. ಉಪ್ಪಿಲ್ಲದ ಬೆಣ್ಣೆ ತಗೊಳ್ಳಿ, ಉಪ್ಪಿನದು ಬೇಡ.

ಮಲ್ನಾಡ್‌ಮಳೆ
ನನಗೆ ಬೇರೆ ಚಿಂತೆ. 2024ರ ಅಕ್ಟೋಬರಿನಲ್ಲಿ ನಮ್ಮ ಆಹಾರ ಸುರಕ್ಷತಾ ಇಲಾಖೆಯವರೇ ಹೇಳಿದ್ದರು, ಬೆಂಗಳೂರಿನ ಬೇಕರಿಗಳಿಂದ ತೆಗೆದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಅಪಾಯದ ಮಟ್ಟದ ಕೃತಕ ಬಣ್ಣ ಇತ್ತು ಅಂತ. ಅದರಲ್ಲೂ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಬಂದಿತ್ತು. ಅದೇ ವರ್ಷ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿ ಬಣ್ಣಕ್ಕೆ ನಿಷೇಧ. ಜೂನಿನಲ್ಲಿ ಕಬಾಬಿಗೆ. ನಾವು ಇಲ್ಲಿ ಕೂತು ಇನ್ನೂ ಗಾಢ, ಇನ್ನೂ ಗಾಢ ಅನ್ನುತ್ತಿದ್ದೇವೆ. ಮಕ್ಕಳು ತಿನ್ನುವ ಕೇಕಿಗೆ ಇದು ಬೇಕಾ?

ರಂಗೋಲಿಕೈ
ಹೆದರಿಸಬೇಡಿ. 235ರಲ್ಲಿ 223 ಸರಿಯಾಗಿಯೇ ಇತ್ತು ಅಂತಲೂ ಅದೇ ವರದಿಯಲ್ಲಿತ್ತು.

ಮಲ್ನಾಡ್‌ಮಳೆ
ಹೆದರಿಸುತ್ತಿಲ್ಲ ಅಕ್ಕ. ನನ್ನ ಮಗಳಿಗೆ ಆರು ವರ್ಷ. ಒಂದು ಹುಟ್ಟುಹಬ್ಬದಲ್ಲಿ ಕಪ್ಪು ಕ್ರೀಮಿನ ಕೇಕ್ ತಿಂದು ಬಂದು ಎರಡು ದಿನ ಮಲ ಹಸಿರಾಗಿತ್ತು. ಡಾಕ್ಟರ್ ಹತ್ತಿರ ಓಡಿದೆವು. ಬಣ್ಣದ್ದೇ ಅಂದರು, ಏನೂ ಆಗಲಿಲ್ಲ. ಆದರೆ ಆ ಎರಡು ದಿನ ನಮಗೆ ನಿದ್ದೆ ಇರಲಿಲ್ಲ. ಅಷ್ಟು ಬಣ್ಣ ಒಂದು ಮಗುವಿನ ಹೊಟ್ಟೆಗೆ ಹೋಗಿತ್ತು ಅಲ್ವಾ?

ಲ್ಯಾಬ್‌ಕೋಟು
ಮಲ್ನಾಡ್‌ಮಳೆಯವರ ಚಿಂತೆ ಸರಿಯಾದದ್ದೇ, ತಳ್ಳಿಹಾಕಬಾರದು. ಆದರೆ ಎರಡು ವಿಷಯ ಬೇರೆಬೇರೆ ಮಾಡಿಕೊಳ್ಳೋಣ.

ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದು ರೋಡಮಿನ್-ಬಿ. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರದಲ್ಲಿ ಒಂದು ಕಣವೂ ಇರಕೂಡದು. ಕೇಕಿನ ಸುದ್ದಿಯಲ್ಲಿ ಬಂದ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್, ಪೊನ್ಸೊ 4ಆರ್ ಇವು ಮಿತಿಯೊಳಗೆ ಬಳಸಲು ಅನುಮತಿ ಇರುವ ಬಣ್ಣಗಳು. ಅಲ್ಲಿ ತಕರಾರು ಇರುವುದು ಎಷ್ಟು ಹಾಕಿದ್ದಾರೆ ಅನ್ನುವುದರಲ್ಲಿ. ಬಹಳಷ್ಟು ತಿನಿಸುಗಳಿಗೆ ಮಿತಿ ಒಂದು ಕೆಜಿಗೆ 100 ಮಿಲಿಗ್ರಾಂ. ಒಂದು ಗ್ರಾಮಿನ ಹತ್ತನೇ ಒಂದು ಪಾಲು! ಜೆಲ್ ಬಾಟಲಿಯಲ್ಲಿರುವುದೆಲ್ಲ ಬಣ್ಣವಲ್ಲ, ಸಕ್ಕರೆ ಪಾಕ, ನೀರು ಎಲ್ಲ ಇರುತ್ತದೆ, ನಿಜ. ಆದರೂ ಬಾಟಲಿಗಟ್ಟಲೆ ಸುರಿದರೆ ಮಿತಿ ದಾಟುವುದು ಕಷ್ಟವೇನಲ್ಲ.

ಬಾಟಲಿ ಹಿಂದೆ ಓದಿ. ಐಎನ್‌ಎಸ್ ಅಂತ ಇರುವುದು ಬಣ್ಣವನ್ನು ಗುರುತಿಸುವ ನಂಬರ್. 122 ಅಂದರೆ ಕಾರ್ಮೊಯಿಸಿನ್, 124 ಪೊನ್ಸೊ, 102 ಟಾರ್ಟ್ರಜೀನ್, 133 ಬ್ರಿಲಿಯಂಟ್ ಬ್ಲೂ. ಈ ನಂಬರೂ ಇಲ್ಲ, ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರೂ ಇಲ್ಲ ಅಂದರೆ ಆ ಬಾಟಲಿ ಅಂಗಡಿಯಲ್ಲೇ ಬಿಟ್ಟು ಬನ್ನಿ. ಹೊಳೆಯುವ ಪುಡಿಗಳ ಮೇಲೆ "ನಾನ್ ಟಾಕ್ಸಿಕ್" ಅಂತಷ್ಟೇ ಇದ್ದರೆ ಅದು ತಿನ್ನುವಂಥದ್ದಲ್ಲ. "ಎಡಿಬಲ್" ಅಂತಲೇ ಇರಬೇಕು.

ಧಾರವಾಡಫೇಡೆ
ಇದಕ್ಕೆಲ್ಲ ಒಂದೇ ದಾರಿ ನೋಡ್ರಿ. ಬಣ್ಣ ಒಳಗೆ ಹಾಕಲೇಬೇಡಿ, ಹೊರಗೆ ಮಾತ್ರ ಹಾಕಿ. ಕೇಕಿನ ಪದರಗಳ ನಡುವೆ ಬಿಳಿ ಕ್ರೀಮ್. ಹೊರಗೆ ಮೊದಲು ಡಾರ್ಕ್ ಚಾಕೊಲೇಟ್ ಗನಾಶ್ ಒಂದು ಕೈ ಬಳಿಯಿರಿ, ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮ್. ಫ್ರಿಜ್‌ನಲ್ಲಿ ಗಟ್ಟಿಯಾಗಲಿ. ಅದರ ಮೇಲೆ ಕೆಂಪು ಬಟರ್‌ಕ್ರೀಮ್ ತೆಳ್ಳಗೆ. ಕೆಳಗೆ ಬಿಳಿ ಇಲ್ಲದ್ದರಿಂದ ತೆಳು ಪದರವೇ ಕಡುಕೆಂಪಾಗಿ ಕಾಣುತ್ತದೆ. 4 ಕೆಜಿ ಕೇಕಿಗೆ ಕೆಂಪು ಕ್ರೀಮ್ 300 ಗ್ರಾಮಿಗಿಂತ ಜಾಸ್ತಿ ಬೇಕಾಗುವುದಿಲ್ಲ. ಒಬ್ಬೊಬ್ಬ ಮಗುವಿನ ಪಾಲಿಗೆ ಬೆರಳ ಉಗುರಿನಷ್ಟು ಬರುತ್ತದೆ.

ಹಳದಿ ಕಡೆಗೆ ಗನಾಶ್ ಬೇಡ, ಬರೀ ಬಟರ್‌ಕ್ರೀಮ್ ಸಾಕು.

ಮಲ್ನಾಡ್‌ಮಳೆ
ಇದು ನನಗೆ ಒಪ್ಪಿಗೆ. ಧನ್ಯವಾದ.

ಹೊಸಬಳು
ಅಜ್ಜಿ ಆರತಿಗೆ ಓಕುಳಿ ನೀರು ಮಾಡುವಾಗ ಅರಿಶಿನಕ್ಕೆ ಸುಣ್ಣ ಹಾಕುತ್ತಾರೆ, ಕ್ಷಣದಲ್ಲಿ ಕೆಂಪಾಗುತ್ತದೆ. ಅದೇ ಥರ ಅರಿಶಿನದಿಂದ ಕೆಂಪು ಕ್ರೀಮ್ ಮಾಡಲು ಆಗಲ್ವಾ?

ಲ್ಯಾಬ್‌ಕೋಟು
ಒಳ್ಳೆಯ ಪ್ರಶ್ನೆ. ಅರಿಶಿನದ ಬಣ್ಣ ಕ್ಷಾರ ಸೋಕಿದರೆ ಕೆಂಪಾಗುತ್ತದೆ, ಹುಳಿ ಸೋಕಿದರೆ ಮತ್ತೆ ಹಳದಿಗೆ ಬರುತ್ತದೆ. ಓಕುಳಿಯಷ್ಟು ಕೆಂಪು ಬರಬೇಕಾದರೆ ಹಾಕುವ ಸುಣ್ಣಕ್ಕೋ ಸೋಡಾಗೋ ಕ್ರೀಮ್ ಬಾಯಿಗೆ ಹಾಕುವ ಹಾಗಿರುವುದಿಲ್ಲ. ಹಳದಿಗೆ ಮಾತ್ರ ಚಿಟಿಕೆ ಅರಿಶಿನ ಬಳಸಬಹುದು, ಸ್ವಲ್ಪ ವೆನಿಲಾ ಇದ್ದರೆ ವಾಸನೆ ತಿಳಿಯುವುದಿಲ್ಲ.

ಮೆಲ್ಬರ್ನ್‌ಕನ್ನಡತಿ
ನಮ್ಮ ಬಾವುಟದ ಬಣ್ಣವೇ ಅರಿಶಿನ ಕುಂಕುಮದ್ದು. ಹಳದಿಗೆ ಅರಿಶಿನವನ್ನೇ ಹಾಕಿದರೆ ಎಷ್ಟು ಚಂದ!

ಗಡಿನಾಡು
ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ಬಾವುಟದ ಹಾಗೆ ಕೇಕ್ ಮಾಡಿ ಚಾಕು ಹಾಕಿ ಕತ್ತರಿಸುವುದು ಸರಿಯಾ? ಮ. ರಾಮಮೂರ್ತಿಯವರು ಕನ್ನಡಕ್ಕಾಗಿ ಬೀದಿಯಲ್ಲಿ ನಿಂತು ಹೋರಾಡಿ ಕೊಟ್ಟ ಬಾವುಟ ಅದು. ಕಾಸರಗೋಡಿನಲ್ಲಿರುವ ನಮಗೆ ಅದನ್ನು ನೋಡಿದರೆ ಎದೆ ತುಂಬಿ ಬರುತ್ತದೆ.

ಕಡಲತಡಿ
ರಾಷ್ಟ್ರಧ್ವಜದ ಕೇಕ್ ಬಗ್ಗೆಯೇ ಕೋರ್ಟಿಗೆ ಹೋಗಿತ್ತು. ಕೊಯಮತ್ತೂರಿನಲ್ಲಿ 2013ರ ಕ್ರಿಸ್‌ಮಸ್‌ಗೆ ಕತ್ತರಿಸಿದ್ದ ಕೇಕ್. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದು ಅವಮಾನ ಅಲ್ಲ ಅಂತ ಹೇಳಿತು.

ಗಡಿನಾಡು
ಕಾನೂನಿನ ಮಾತಲ್ಲ ನಾನು ಹೇಳಿದ್ದು. ಮನಸ್ಸಿನ ಮಾತು.

ಧಾರವಾಡಫೇಡೆ
ಗಡಿನಾಡಿನವರ ಮಾತು ನನಗೂ ತಾಗಿತು. ಆದರೆ ಬಡಾವಣೆಯ ಮಕ್ಕಳು ಆ ಬಣ್ಣ ನೋಡಿ ಖುಷಿಪಡುತ್ತಾರಲ್ಲ, ಅದೂ ಪ್ರೀತಿಯೇ. ಎರಡೇ ಪಟ್ಟಿ ಬೇಡ ಅನಿಸಿದರೆ ಹಳದಿ, ಕೆಂಪು ಹೂಗಳ ಹಾಗೆ ಕ್ರೀಮನ್ನು ಕೋನಿನಿಂದ ಹಿಂಡಿ ಪೈಪಿಂಗ್ ಮಾಡಬಹುದು. ಬಾವುಟ ಅನಿಸುವುದಿಲ್ಲ, ಬಣ್ಣ ಇರುತ್ತದೆ.

ಬೆಣ್ಣೆಬಟ್ಟಲು
ಗಡಿನಾಡಿನವರೇ, ನನಗೆ ಇದು ಹೊಳೆದಿರಲಿಲ್ಲ. ಇವತ್ತು ಬಡಾವಣೆಯವರ ಹತ್ತಿರ ಮಾತಾಡಿದೆ. ಹೂಗಳ ಯೋಚನೆ ಅವರಿಗೂ ಹಿಡಿಸಿತು. ಮೇಲರ್ಧ ಹಳದಿ ಸೇವಂತಿಗೆ, ಕೆಳಗರ್ಧ ಕೆಂಪು ಸೇವಂತಿಗೆ, ನಡುವೆ ಬಿಳಿ ಪಟ್ಟಿಯಲ್ಲಿ ಅಕ್ಷರ. ಆದರೆ ಹೂವಾದರೆ ಕೆಂಪು ಕ್ರೀಮ್ ಜಾಸ್ತಿ ಬೇಕಲ್ವಾ?

ಧಾರವಾಡಫೇಡೆ
ಬೇಕು. ಹೂ ಚಪ್ಪಟೆಯಾಗಿರಲಿ, ಎಸಳು ಎರಡೇ ಸುತ್ತು. ಗನಾಶ್ ಮೇಲೆ ಕೂರಿಸಿದರೆ ಸಂದಿಯಲ್ಲಿ ಕಂದು ಕಂಡರೂ ಚಂದವೇ.

ರಂಗೋಲಿಕೈ
ಬಿಳಿ ಪಟ್ಟಿ ಪಕ್ಕದಲ್ಲಿ ಕೆಂಪಾ? ಎಚ್ಚರ. ಬಣ್ಣ ಹರಿಯುತ್ತದೆ. ಫ್ರಿಜ್‌ನಿಂದ ತೆಗೆದ ಮೇಲೆ ಬೆವರುತ್ತದಲ್ಲ, ಆ ನೀರಿನ ಜೊತೆ ಕೆಂಪು ಬಿಳಿಗೆ ಇಳಿಯುತ್ತದೆ. ನನಗೆ ಒಂದು ಮದುವೆ ಕೇಕಿನಲ್ಲಿ ಹೀಗಾಗಿ ಮಂಟಪದಲ್ಲೇ ಕೂತು ಅಂಚೆಲ್ಲ ಮತ್ತೆ ಪೈಪ್ ಮಾಡಬೇಕಾಯಿತು. ಕೇಕನ್ನು ರಟ್ಟಿನ ಡಬ್ಬಿಯಲ್ಲಿ ಮುಚ್ಚಿಯೇ ಫ್ರಿಜ್‌ನಲ್ಲಿಡಿ, ಹೊರತೆಗೆದ ಮೇಲೂ ಡಬ್ಬಿ ಕೂಡಲೇ ತೆರೆಯಬೇಡಿ. ತಣ್ಣಗಿನದು ಹದಕ್ಕೆ ಬರಲಿ. ಬಿಳಿ ಪಕ್ಕದ ಕೆಂಪು ಹೂಗಳನ್ನು ಕೊನೆಗೆ ಕೂರಿಸಿ.

ತುಪ್ಪದದೋಸೆ
ಕಪ್ಪಿನ ಬಗ್ಗೆ ಯಾರೂ ಹೇಳಲೇ ಇಲ್ಲ. ಬಿಳಿಯಿಂದ ಕಪ್ಪಿಗೆ ಹೋಗಬೇಡಿ, ಬೂದಿ ಬಣ್ಣದಲ್ಲಿ ನಿಲ್ಲುತ್ತದೆ. ಬಟರ್‌ಕ್ರೀಮಿಗೆ ಕೋಕೋ ಪುಡಿ ಹಾಕಿ ಮೊದಲು ಕಂದು ಮಾಡಿ, ಆಮೇಲೆ ಕಪ್ಪು ಜೆಲ್. ಬ್ಲ್ಯಾಕ್ ಕೋಕೋ ಸಿಕ್ಕರೆ ಇನ್ನೂ ಒಳ್ಳೆಯದು. ಕ್ಷಾರದಲ್ಲಿ ಚೆನ್ನಾಗಿ ಸಂಸ್ಕರಿಸಿದ ಕೋಕೋ ಅದು, ತಾನೇ ಇದ್ದಲಿನ ಹಾಗಿರುತ್ತದೆ. ಜೆಲ್ ನಾಲ್ಕು ಹನಿ ಸಾಕು.

ಅಪ್ಪನಅಡುಗೆ
ಇದ್ದಲಿನ ಪುಡಿಯನ್ನೇ ಹಾಕಬಹುದಲ್ವಾ? ತಿನ್ನುವ ಚಾರ್ಕೋಲ್ ಅಂತ ಮಾರುತ್ತಾರೆ.

ಲ್ಯಾಬ್‌ಕೋಟು
ಬೇಡ ಸರ್. ಆಕ್ಟಿವೇಟೆಡ್ ಚಾರ್ಕೋಲ್ ಹೊಟ್ಟೆಯಲ್ಲಿ ಮಾತ್ರೆಗಳನ್ನು ಹೀರಿಕೊಳ್ಳುತ್ತದೆ. ಬಿಪಿ, ಶುಗರ್ ಮಾತ್ರೆ ತಗೊಳ್ಳುವ ಹಿರಿಯರೂ ಅಲ್ಲಿ ಇರುತ್ತಾರೆ. ಎರಡು ಸಾಲು ಬರೆಯಲು ಅದರ ಅಗತ್ಯವೇ ಇಲ್ಲ.

ಅಪ್ಪನಅಡುಗೆ
ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ.

ಕಡಲತಡಿ
ಅಕ್ಷರಕ್ಕಾದರೆ ಬಣ್ಣವೇ ಬೇಡ. ಡಾರ್ಕ್ ಚಾಕೊಲೇಟ್ ಕರಗಿಸಿ ಕೋನಿನಲ್ಲಿ ತುಂಬಿ ಬರೆಯಿರಿ. ಬಿಳಿ ಮೇಲೆ ಕಪ್ಪಾಗಿಯೇ ಕಾಣುತ್ತದೆ. ಬಟರ್ ಪೇಪರ್ ಮೇಲೆ ಮೊದಲೇ ಬರೆದು ಗಟ್ಟಿಯಾದ ಮೇಲೆ ಎತ್ತಿ ಇಡಬಹುದು. ತಪ್ಪಾದರೆ ಇನ್ನೊಂದು ಬರೆದರಾಯಿತು. ಕನ್ನಡದ ಒತ್ತಕ್ಷರಕ್ಕೆ ಇದೇ ಸುಲಭ. "ನ್ನ" ಮತ್ತು "ಲ್ಗೆ" ಬಟರ್‌ಕ್ರೀಮಿನಲ್ಲಿ ದಪ್ಪ ನಾಜಲ್ ಇಟ್ಟು ಬರೆದರೆ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ.

ತುಪ್ಪದದೋಸೆ
ಬಟರ್‌ಕ್ರೀಮಿನಲ್ಲೇ ಬರೆಯುವುದಾದರೆ 2ನೇ ನಂಬರ್ ದುಂಡು ನಾಜಲ್. ಒತ್ತಿಗೆ 1.

ಬೆಣ್ಣೆಬಟ್ಟಲು
ಮೂರು ದಿನ ಪ್ರಯತ್ನಿಸಿ ಬರೆಯುತ್ತಿದ್ದೇನೆ.

100 ಗ್ರಾಂ ಬಟರ್‌ಕ್ರೀಮಿನ ಮೂರು ಬಟ್ಟಲು ಮಾಡಿದೆ. ಮೂರಕ್ಕೂ ಅಳತೆ ಮಾಡಿ ಅಷ್ಟೇ ಜೆಲ್, ಕಾಲು ಟೀ ಚಮಚ. ಮೊದಲನೆಯದು ಬಿಳಿಯಿಂದ ನೇರ ಕೆಂಪು. ಎರಡನೆಯದು ಹಳದಿ, ಕಿತ್ತಳೆ, ಆಮೇಲೆ ಕೆಂಪು. ಮೂರನೆಯದು ಎರಡನೆಯದರ ಹಾಗೇ ಮಾಡಿ, ಕಾಲು ಭಾಗ ಮೈಕ್ರೋವೇವಿನಲ್ಲಿ 12 ಸೆಕೆಂಡು ಕರಗಿಸಿ ಸೇರಿಸಿದ್ದು.

ಮಾಡಿದ ಕೂಡಲೇ ನೋಡಿದಾಗ ಮೊದಲನೆಯದು ಕಡು ಗುಲಾಬಿ, ಎರಡನೆಯದು ಟೊಮೇಟೊ ಬಣ್ಣ, ಮೂರನೆಯದು ಕೆಂಪು. ಮೂರನ್ನೂ ಮುಚ್ಚಿ ರಾತ್ರಿ ಇಟ್ಟೆ. ಬೆಳಗ್ಗೆ ತೆರೆದಾಗ ಎರಡನೆಯದೂ ಮೂರನೆಯದೂ ಒಂದೇ ಆಗಿದ್ದವು! ಎರಡೂ ಕುಂಕುಮದ ಕೆಂಪು. ಮೊದಲನೆಯದು ದಾಸವಾಳದ ಕಡೆಗೆ ಬಂದಿತ್ತು, ಆದರೂ ಅದರಲ್ಲಿ ಗುಲಾಬಿ ಉಳಿದೇ ಇತ್ತು. ಕಹಿ ಬಂದಿದ್ದು ಯಾವುದರಲ್ಲೂ ಇಲ್ಲ. ಅಂದರೆ ಕಾಯಲು ಒಂದು ರಾತ್ರಿ ಇದ್ದರೆ ಮೈಕ್ರೋವೇವಿನ ಅಗತ್ಯವೂ ಇಲ್ಲ.

ಹಳದಿಗೆ ಅರಿಶಿನ ಹಾಕಿದೆ. ಚಂದ ಬಂದಿದೆ.

ಲ್ಯಾಬ್‌ಕೋಟು
ಅಳತೆ ಮಾಡಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಇಲ್ಲಿ ಓದುವ ಹತ್ತು ಜನರಿಗೆ ಉಪಯೋಗ.

ಹೊಸಬಳು
ಜೆಲ್ಲಿನ ಹೊಸ ಬಾಟಲಿಯಲ್ಲಿ ನಂಬರ್ ಏನಿತ್ತು?

ಬೆಣ್ಣೆಬಟ್ಟಲು
122 ಮತ್ತು 124. ಲೈಸೆನ್ಸ್ ನಂಬರ್ ಇದೆ. ಹಳೆಯ ಬಾಟಲಿಯನ್ನೂ ತೆಗೆದು ನೋಡಿದೆ, ಅದರಲ್ಲಿ ಯಾವುದೂ ಇರಲಿಲ್ಲ. ಎಸೆದೆ.

ಮಲ್ನಾಡ್‌ಮಳೆ
ಅದೊಂದು ಒಳ್ಳೆಯ ಕೆಲಸ ಮಾಡಿದಿರಿ.

ಬೆಣ್ಣೆಬಟ್ಟಲು
ನವೆಂಬರ್ 2. ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯ, ಒಂದು ದಿನ ತಡವಾಯಿತು.

ಕೇಕ್ ಚೆನ್ನಾಗಿ ಬಂತು. ಹೂಗಳಿಗೆ ಕೆಂಪು ಕ್ರೀಮ್ 420 ಗ್ರಾಂ ಹಿಡಿಯಿತು. ಅಕ್ಷರ ಚಾಕೊಲೇಟಿನಲ್ಲಿ ಬರೆದೆ. "ಲ್ಗೆ" ಎತ್ತುವಾಗ ಎರಡು ಸಲ ಮುರಿಯಿತು, ಮೂರನೆಯದು ನಿಂತಿತು. ಡಬ್ಬಿಯನ್ನು ಒಂದು ಗಂಟೆ ಮುಚ್ಚಿಯೇ ಇಟ್ಟಿದ್ದರಿಂದ ಬೆವರಲಿಲ್ಲ, ಬಿಳಿ ಪಟ್ಟಿಗೆ ಕೆಂಪು ಇಳಿಯಲಿಲ್ಲ. ಮಕ್ಕಳ ನಾಲಿಗೆ ಸ್ವಲ್ಪ ಕೆಂಪಾಯಿತು. ಬಾವುಟ ಹಾರಿಸಿ, ನಾಡಗೀತೆ ಹಾಡಿ, ಆಮೇಲೆ ಕೇಕ್ ಕೊಟ್ಟೆವು. ಬಿಳಿ ಪಟ್ಟಿಯಿಂದ ಅಕ್ಷರಗಳನ್ನು ಮೊದಲೇ ಎತ್ತಿ ತಟ್ಟೆಯಲ್ಲಿಟ್ಟೆವು, ಅದರ ಮೇಲೆ ಚಾಕು ಹಾಕಲಿಲ್ಲ ಗಡಿನಾಡಿನವರೇ.

ಗಡಿನಾಡು
ಓದಿ ಕಣ್ಣು ತುಂಬಿತು ಅಕ್ಕ. ಅಕ್ಷರಗಳನ್ನು ಯಾರಿಗೆ ಕೊಟ್ಟಿರಿ?

ಬೆಣ್ಣೆಬಟ್ಟಲು
ಒಂದೊಂದು ಅಕ್ಷರ ಒಂದೊಂದು ಮಗುವಿಗೆ. "ಲ್ಗೆ" ಸಿಕ್ಕಿದ್ದು ಈ ವರ್ಷವಷ್ಟೇ ಕನ್ನಡ ಬರೆಯಲು ಕಲಿಯುತ್ತಿರುವ ಪಕ್ಕದ ಮನೆ ಹುಡುಗನಿಗೆ. ತಿನ್ನದೆ ಮನೆಗೆ ತಗೊಂಡು ಹೋದ.

ಹೊಸಬಳು
ನನಗೆ ಡಿಸೆಂಬರಿನಲ್ಲಿ ಕಡುನೀಲಿ ಕೇಕ್ ಇದೆ. ಹಳದಿ ಬೆಣ್ಣೆಗೆ ನೇರಳೆ ಎಷ್ಟು ಹಾಕಬೇಕು, ತುಪ್ಪದದೋಸೆಯವರೇ?

ತುಪ್ಪದದೋಸೆ
ಅರ್ಧ ಕೆಜಿಗೆ ಟೂತ್‌ಪಿಕ್ ತುದಿಯಷ್ಟು. ಬೆಣ್ಣೆ ಬಿಳಿಯಾಗುವ ತನಕ ಹತ್ತು ನಿಮಿಷ ಮೊದಲು ಬೀಟ್ ಮಾಡಿ, ಆಮೇಲೆ ಹಾಕಿ. ನೀಲಿಗೆ ರಾಯಲ್ ಬ್ಲೂ ತಗೊಂಡು ಕೊನೆಗೆ ಎರಡು ಹನಿ ಕಪ್ಪು. ಒಂದು ರಾತ್ರಿ ಬಿಡಿ.